ಗಂಟಿನಾಗ ಪಾಟಿಚೀಲ ಐತೇನ್ರಿ?

ಡಂಬಳ: ಕಡ್ಲಿ ರಾಶಿ ಮುಗಿದು, ಹೊಟ್ಟು ಹಿತ್ತಲ ಸೇರಿ, ಎರಿ ಹೊಲ ಬರಿದಾಯಿತೆಂದರೆ ಇಲ್ಲಿನ ಬಸ್ ಸ್ಟ್ಯಾಂಡಿನ ಚಹರೆಯೇ ಬದಲಾಗುತ್ತದೆ. ಸಂಕ್ರಾಂತಿಯ ಎಳ್ಳು ಬಾಯಲ್ಲಿರುವಾಗಲೇ ಜನ ಗಂಟು ಕಟ್ಟಲು ಸುರು ಮಾಡುತ್ತಾರೆ. ಒಂದು ಗಂಟಿನಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಕೌದಿ, ಮತ್ತೊಂದರಲ್ಲಿ ಬೋಗಾಣಿ, ತಟ್ಟೆ, ಖಾರಪುಡಿ ಡಬ್ಬಿ. ಮ್ಯಾಲೆ ಕರಣಿ, ಒಳಂಬಿ. ಗಂಟುಗಳ ನಡುವೆ ಮೂಗು ಸುರಿಸುತ್ತ ಕುಳಿತ ಎರಡು ಮೂರು ಕೂಸುಗಳು. ಗದಗಿನ ಬಸ್ಸು, ಅಲ್ಲಿಂದ ಅಮರಾವತಿ ಎಕ್ಸ್‌ಪ್ರೆಸ್ಸು, ಕೊನೆಗೆ ವಾಸ್ಕೋ. ಕೆಲವರದು ಮಂಗಳೂರು, ಉಡುಪಿ. ಕೆಲವರದು ಬೆಂಗಳೂರು.

ಎಲ್ಲಾ ಗಂಟನ್ನೂ ಎಣಿಸಿ ಎಣಿಸಿ ಬಸ್ಸಿನ ಮ್ಯಾಲೆ ಹಾಕುತ್ತಾರೆ. ಪಾಟಿಚೀಲ ಯಾವ ಗಂಟಿನಲ್ಲಿದೆ ಎಂದು ಕೇಳಿದರೆ ಮಾತ್ರ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ.

"ಅಲ್ಲಿ ಸಾಲೀಗೆ ಯಾರು ಹಾಕ್ಕೊಂತಾರ ಬಿಡ್ರಿ. ಫೀ ಎಲ್ಲಿಂದ ತರೂಣು?" ಇದು ಈ ಭಾಗದಲ್ಲಿ ಸರ್ವೇಸಾಮಾನ್ಯವಾಗಿ ಕೇಳುವ ಮಾತು. ಡೋಣಿ, ಅತ್ತಿಕಟ್ಟಿ ಕಡೆಯ ತಾಂಡಾಗಳಲ್ಲಿಯೂ ಇದೇ ಮಾತು, ಊರೊಳಗಿನ ಒಣಬೇಸಾಯದ ಮನೆಗಳಲ್ಲಿಯೂ ಇದೇ ಮಾತು. ಮಾತಿನ ಮೊದಲ ಅರ್ಧ ತಪ್ಪು. ಎರಡನೇ ಅರ್ಧ ಅದಕ್ಕಿಂತ ತಪ್ಪು. ಆದರೆ ತಪ್ಪು ಎಂದು ಹೇಳಬೇಕಾದವರು ಹೇಳದೇ ಇದ್ದುದರಿಂದ ವರ್ಷಾ ವರ್ಷಾ ಕೂಸುಗಳ ನಾಲ್ಕು ನಾಲ್ಕು ತಿಂಗಳು ಮರಳಿನ ಗುಡ್ಡೆಯ ಮೇಲೆ ಕಳೆದುಹೋಗುತ್ತಿವೆ.

ಬರುವವರಿದ್ದ ಊರು

ಅಂದಹಾಗೆ, ಡಂಬಳ ಮೊದಲಿನಿಂದಲೂ ಜನ ಬಿಟ್ಟು ಹೋಗುವ ಊರೇನೂ ಅಲ್ಲ. ಧರ್ಮವೊಳಲು ಎಂದು ಕರೆಸಿಕೊಂಡಿದ್ದ ಕಾಲದಲ್ಲಿ ಇದು ವರ್ತಕರ ಪಟ್ಟಣ. ಇಲ್ಲಿ ಹದಿನಾರು ಸೆಟ್ಟಿಗಳು ಬುದ್ಧವಿಹಾರ ಕಟ್ಟಿಸಿದ್ದನ್ನು, ಲೊಕ್ಕಿಗುಂಡಿ ಅಂದರೆ ಇವತ್ತಿನ ಲಕ್ಕುಂಡಿಯ ಸೆಟ್ಟಿಯೊಬ್ಬ ತಾರಾದೇವಿಗೆ ವಿಹಾರ ಕಟ್ಟಿಸಿದ್ದನ್ನು 1095ರ ಶಾಸನ ಹೇಳುತ್ತದೆ. ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆಗಳನ್ನು ಕಡೆದ ಕಲ್ಲುಕುಟಿಗರಿಗೆ ಇಲ್ಲಿ ಕೈತುಂಬ ಕೆಲಸವಿತ್ತು. ಈಗ ಅದೇ ಗುಡಿಯ ಮುಂದಿನ ರಸ್ತೆ ಹಿಡಿದು ಗೌಂಡಿಗಳು ಗೋವೆಗೆ ಹೋಗಿ ಮಂದಿಯ ಬಂಗಲೆ ಕಟ್ಟುತ್ತಾರೆ.

ಹಳೇ ಮಂದಿಗೆ ಗೋವೆ ಅಂದರೆ ಪರದೇಶವೇ. 1961ರ ಡಿಸೆಂಬರ್ 19ರ ತನಕ ಅಲ್ಲಿ ಪೋರ್ತುಗೀಜರ ರಾಜ್ಯವಿತ್ತು. ಆಮೇಲೆ ಬಂದರ, ಗಣಿ, ಗೊಬ್ಬರದ ಕಾರಖಾನೆ, ಹೋಟೆಲು ಎಂದು ಕೆಲಸ ಬೆಳೆದಂತೆ ಘಟ್ಟದ ಮೇಲಿನ ಜನ ಇಳಿದರು. ವಾಸ್ಕೋದ ಬೈನಾ, ಝುವಾರಿನಗರ ಮುಂತಾದ ಕಡೆ ಕನ್ನಡದ ಓಣಿಗಳೇ ಎದ್ದವು. 2012ರಲ್ಲಿ ಅದಿರಿನ ಗಣಿ ನಿಂತಾಗ ಅನೇಕರು ಮರಳಿ ಬಂದರು. 2020ರ ಲಾಕ್‌ಡೌನಿನಲ್ಲಿ ಮತ್ತೆ ಬಂದರು. 2023ರ ಬರಗಾಲಕ್ಕೆ ಮತ್ತೆ ಹೋದರು. ಹೀಗೆ ಹೋಗಿ ಬಂದು ಮಾಡುವುದರಲ್ಲಿ ದೊಡ್ಡವರಿಗೆ ಪಗಾರ ಸಿಗುತ್ತದೆ. ಕೂಸಿಗೆ ಏನು ಸಿಗುತ್ತದೆ?

ಕಾಗದದ ಭೂತ

ಮಕ್ಕಳನ್ನು ಕರೆದೊಯ್ದವರು ಅಲ್ಲಿ ಸಾಲಿಯ ಬಾಗಿಲ ತನಕ ಹೋಗುವುದೇ ಕಡಿಮೆ. ಹೋದವರು ಮೂರು ಪ್ರಶ್ನೆಗೆ ಹೆದರಿ ತಿರುಗಿ ಬರುತ್ತಾರೆ. ಟಿ.ಸಿ. ಎಲ್ಲಿ? ಜನ್ಮದಾಖಲೆ ಎಲ್ಲಿ? ಜನವರಿಯಲ್ಲಿ ಬಂದರೆ ಹೇಗೆ?

ಈ ಮೂರಕ್ಕೂ ಉತ್ತರ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿಯೇ ಉಂಟು. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಆರರಿಂದ ಹದಿನಾಲ್ಕು ವರ್ಷದ ಮಗು ಒಂದು ಸಾಲಿಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸರಕಾರಿ ಮತ್ತು ಅನುದಾನಿತ ಸಾಲಿಗಳಿಗೆ ವರ್ಗ ಕೇಳುವ ಹಕ್ಕು ಅದಕ್ಕೆ ಇದೆ ಎಂದು ಐದನೇ ಕಲಮು ಹೇಳುತ್ತದೆ. ಹೆಡ್ ಮಾಸ್ತರರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ತಡ ಮಾಡಿದರೆ ಶಿಸ್ತಿನ ಕ್ರಮ. ಇತ್ತ ಟಿ.ಸಿ. ಬರುವುದು ತಡವಾಯಿತೆಂದು ಅಲ್ಲಿನ ಸಾಲಿಯವರು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಬೇಡ ಅನ್ನುವಂತಿಲ್ಲ ಎಂದು ಹದಿನಾಲ್ಕನೇ ಕಲಮು. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕೆಂದು ಹದಿನೈದನೇ ಕಲಮು. ವಲಸೆ ಬಂದವರ ಮಕ್ಕಳನ್ನು ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಒಂಬತ್ತನೇ ಕಲಮಿನಲ್ಲಿ ಬೇರೆಯಾಗಿಯೇ ಬರೆದಿದ್ದಾರೆ. ಫೀ ಇಲ್ಲ.

ಇಷ್ಟೆಲ್ಲ ಬರೆದಿದ್ದರೂ ಜೋಳದ ಹಿಟ್ಟಿನ ಗಂಟು ಹೊತ್ತವರಿಗೆ ಕಲಮುಗಳ ಲೆಕ್ಕ ಯಾರು ಹೇಳಬೇಕು? ಗುತ್ತಿಗೆದಾರನಂತೂ ಹೇಳುವವನಲ್ಲ. ಅವನಿಗೆ ಬೇಕಾದದ್ದು ಎರಡು ರಟ್ಟೆ. ಹೆಂಡತಿ ಬಂದರೆ ನಾಲ್ಕು. ಕೂಸು ಅವನ ಲೆಕ್ಕದ ಪುಸ್ತಕದಲ್ಲಿ ಬರುವುದೇ ಇಲ್ಲ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳು ಇರುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾನೂನೇ ಹೇಳಿತ್ತು. ಆದರೆ ಎಂಟು ಹತ್ತು ಆಳಿನ ತುಂಡು ಗುತ್ತಿಗೆಗಳಿಗೆ ಆ ಕಲಮು ತಟ್ಟಲೇ ಇಲ್ಲ. ಅಲ್ಲಿ ಸೀರೆಯ ಜೋಳಿಗೆಯೇ ಕೋಣೆ.

ಅಕ್ಕಿಯ ಕತೆ ನೋಡಿ. 2020ರ ಜನವರಿ 1ರಿಂದ ಕರ್ನಾಟಕ, ಗೋವಾ ಎರಡೂ ಒಂದೇ ದೇಶ ಒಂದೇ ರೇಷನ್ ಕಾರ್ಡಿನ ಸಾಲಿಗೆ ಸೇರಿದವು. ಡಂಬಳದ ಕಾರ್ಡಿನ ಅಕ್ಕಿಯನ್ನು ವಾಸ್ಕೋದ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳಬಹುದು. ಅಕ್ಕಿ ಹೀಗೆ ಮನುಷ್ಯನ ಹಿಂದೆ ಹಿಂದೆ ಹೋಗಲು ಕಲಿಯಿತು. ಸಾಲಿ ಇನ್ನೂ ಕಲಿತಿಲ್ಲ.

ಸೇರಿಸಿದರೆ ಯಾವ ಭಾಷೆ?

ಗೋವೆಯಲ್ಲಿ ಸರಕಾರಿ ಪ್ರಾಥಮಿಕ ಸಾಲಿಗಳು ಹೆಚ್ಚಾಗಿ ಮರಾಠಿ ಮತ್ತು ಕೊಂಕಣಿಯವು. ಕನ್ನಡದ ಸರಕಾರಿ ಸಾಲಿಗಳೂ ಉಂಟು, ಬೆರಳೆಣಿಕೆಯಷ್ಟು; ವಾಸ್ಕೋ ಇರುವ ಮುರಗಾವ ತಾಲೂಕಿನಲ್ಲಿ ಕನ್ನಡದ ಮಕ್ಕಳು ಹೆಚ್ಚು. ಇದನ್ನು ಕೇಳಿದ ಕೂಡಲೇ ಸಮಸ್ಯೆ ಮುಗಿಯಿತು ಎನ್ನುವಂತಿಲ್ಲ. ಅಲ್ಲಿ ಪ್ರಾಥಮಿಕ ಅಂದರೆ ಬಹುಕಾಲದಿಂದ ಒಂದರಿಂದ ನಾಲ್ಕನೇ ಇಯತ್ತೆ. ಐದನೆಯದರಿಂದ ಹೈಸ್ಕೂಲಿನ ಕಟ್ಟಡ, ಇಂಗ್ಲಿಷಿನ ಪುಸ್ತಕ. ನಾಲ್ಕು ವರ್ಷ ಕನ್ನಡ ಓದಿದ ಹುಡುಗ ಐದನೇ ವರ್ಷ ಒಮ್ಮೆಲೇ ಇಂಗ್ಲಿಷಿನ ಹೊಂಡಕ್ಕೆ ಬೀಳುತ್ತಾನೆ. ಈಜು ಹತ್ತಿದವನು ದಂಡೆ ಸೇರುತ್ತಾನೆ. ಹತ್ತದವನು ಅಪ್ಪನ ಜೊತೆ ಸಿಮೆಂಟು ಕಲಿಸಲು ನಿಲ್ಲುತ್ತಾನೆ.

ತಾಂಡಾದ ಕೂಸಿನ ಪಾಡು ಇನ್ನೂ ಒಂದು ಮೆಟ್ಟಲು ಹೆಚ್ಚು. ಮನೆಯಲ್ಲಿ ಗೋರಬೋಲಿ, ಊರ ಸಾಲಿಯಲ್ಲಿ ಕನ್ನಡ, ಗೋವೆಯ ಓಣಿಯಲ್ಲಿ ಕೊಂಕಣಿ ಮತ್ತು ಹಿಂದಿ, ಸಾಲಿಯ ಫಲಕದ ಮೇಲೆ ಮರಾಠಿ. ಆರು ವರ್ಷದ ನಾಲಿಗೆ ಇಷ್ಟನ್ನೂ ಆಡಿಬಿಡುತ್ತದೆ, ಅದರಲ್ಲಿ ಸಂಶಯವಿಲ್ಲ. ಆಡುವುದು ಬೇರೆ, ಬರೆಯುವುದು ಬೇರೆ.

ಇನ್ನು ಮನೆಯೇ ನಿಲ್ಲದಿದ್ದರೆ ಸಾಲಿ ಎಲ್ಲಿ ನಿಂತೀತು? ಬೈನಾ ಕಡಲದಂಡೆಯಲ್ಲಿ 2015ರಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ಗದಗ, ಬಾಗಲಕೋಟ ಕಡೆಯವರ ಪಾತ್ರೆ ಪಗಡೆಯ ಜೊತೆ ಪುಸ್ತಕಗಳೂ ಬೀದಿಗೆ ಬಿದ್ದವು.

ಮಂಗಳೂರು, ಉಡುಪಿಯ ಕಡೆ ಹೋದವರಿಗೆ ಭಾಷೆಯ ತೊಡಕಿಲ್ಲ. ಅಲ್ಲಿನ ಕತೆ ಬೇರೆ ತರದ್ದು. ಕರಾವಳಿಯವರು ತಮ್ಮ ಮಕ್ಕಳನ್ನು ಇಂಗ್ಲಿಷಿಗೆ ಹಾಕಿದ್ದರಿಂದ ಎಷ್ಟೋ ಸರಕಾರಿ ಕನ್ನಡ ಸಾಲಿಗಳು ಕದ ಹಾಕುವ ಹಂತಕ್ಕೆ ಬಂದಿದ್ದವು. ಅಂಥ ಸಾಲಿಗಳಲ್ಲಿ ಈಗ ಹಾಜರಿ ಕರೆದರೆ "ಹೂಂರಿ ಅಕ್ಕೋರೆ" ಎನ್ನುವವರು ಗದಗ, ಕೊಪ್ಪಳ, ಬಾಗಲಕೋಟದ ಮಕ್ಕಳೇ. ಅಕ್ಕೋರು ಅಂದರೆ ಯಾರೆಂದು ಅಲ್ಲಿನ ಟೀಚರುಗಳಿಗೆ ಮೊದಮೊದಲು ತಿಳಿಯದೇ ಇದ್ದೀತು. ಬಿಸಿಯೂಟ ಅದೇ, ಪುಸ್ತಕ ಅದೇ, ಪಾಠ ನಿಂತಲ್ಲಿಂದಲೇ ಮುಂದೆ ಓಡುತ್ತದೆ. ಕೂಸು ಕರೆದುಕೊಂಡೇ ಹೋಗಬೇಕೆಂದಿದ್ದವರು ದುಡಿಮೆ ಎರಡು ಕಡೆ ಸಮ ಇದ್ದರೆ ಗೋವೆಗಿಂತ ಮಂಗಳೂರನ್ನು ಆರಿಸುವುದು ಲೇಸು.

ನಿಜವಾದ ಪರದೇಶ

ಊರಲ್ಲಿ ಇಂಜಿನೀಯರಿಂಗ್ ಕಲಿತ ಹುಡುಗರೂ ಇದ್ದಾರೆ. ಅವರು ಹೋಗುವುದು ವಿಮಾನದ ಪರದೇಶಕ್ಕೆ. ಅಲ್ಲಿ ಸಾಲಿಗೆ ಲಕ್ಷಗಟ್ಟಲೆ ಎಂದು ಹೆದರುವವರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಸರಕಾರಿ ಸಾಲಿಗೆ ಫೀ ಇಲ್ಲ. ನೌಕರಿಗೆಂದು ಬಂದು ನೆಲೆಸಿದವರ ಮಕ್ಕಳಿಗೂ ಅದೇ ಸಾಲಿ. ಅಮೇರಿಕದಲ್ಲಂತೂ ಕಾಗದಪತ್ರ ಇಲ್ಲದೆ ಬಂದವರ ಮಕ್ಕಳನ್ನು ಟೆಕ್ಸಾಸ್ ರಾಜ್ಯ ಸಾಲಿಯಿಂದ ಹೊರಗಿಡಲು ಹೋದಾಗ 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇಡ ಎಂದಿತು. ಖರ್ಚು ಬರುವುದು ಸಾಲಿಗೆ ಸೇರುವ ಮೊದಲಿನ ಕೂಸುಗಳಿಗೆ. ಅಲ್ಲಿನ ಬಾಲವಾಡಿಯ ಫೀ ಕೇಳಿದರೆ ಅಜ್ಜಿಯನ್ನೇ ವಿಮಾನದಲ್ಲಿ ಕರೆಸಿಕೊಳ್ಳುವುದು ಅಗ್ಗ ಅನಿಸುತ್ತದೆ; ಎಷ್ಟೋ ಜನ ಹಾಗೇ ಮಾಡುತ್ತಾರೆ.

ದುಬೈ ಕಡೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ಸರಕಾರಿ ಸಾಲಿ ಬಹುತೇಕ ಆ ನಾಡಿನವರಿಗೆ. ಹೊರಗಿನವರು ಖಾಸಗಿ ಸಾಲಿಗೆ ದುಡ್ಡು ಕಟ್ಟಬೇಕು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದಕ್ಕೇ ಇಂತಿಷ್ಟು ಪಗಾರ ಇರಬೇಕೆಂಬ ಷರತ್ತು ಉಂಟು. ಆದ್ದರಿಂದ ಅಲ್ಲಿ ಗೌಂಡಿ ಕೆಲಸಕ್ಕೆ ಹೋದವನ ಕೂಸು ಊರಲ್ಲಿಯೇ ಉಳಿಯುತ್ತದೆ. ದೂರದ ದುಬೈಗೆ ಅಪ್ಪ ಹೋದರೆ ಮಗನ ಸಾಲಿ ತಪ್ಪುವುದಿಲ್ಲ, ಒಂದು ರಾತ್ರಿಯ ರೈಲಿನ ಗೋವೆಗೆ ಹೋದರೆ ತಪ್ಪುತ್ತದೆ. ವಿಚಿತ್ರ ಅಂದರೆ ಇದೇ.

ಬಿಟ್ಟು ಹೋದರೆ

ಎಲ್ಲಕ್ಕಿಂತ ಅಗ್ಗದ ಸಾಲಿ ಡಂಬಳದ್ದೇ. ಬಿಸಿಯೂಟ ಇದೆ, ಹಾಲು ಇದೆ, ಪುಸ್ತಕ ಬಿಟ್ಟಿ. ಇಲ್ಲದಿರುವುದು ರಾತ್ರಿ ಮಲಗುವಾಗ ಹೊದಿಸುವವರು. ಗಟ್ಟಿಯಾದ ಅಜ್ಜಿ ಇದ್ದರೆ ಆ ಮನೆಯ ಕೂಸು ಓದಿತು ಎಂದೇ ಲೆಕ್ಕ. ಅಜ್ಜಿಗೆ ಕಣ್ಣು ಮಂದ, ಮೊಣಕಾಲು ನೋವು ಎಂದಾದರೆ ಯಾರು ಯಾರನ್ನು ನೋಡಿಕೊಳ್ಳಬೇಕು ಎಂಬುದೇ ಪ್ರಶ್ನೆ. ಎಂಟು ವರ್ಷದ ಹುಡುಗಿ ಅಜ್ಜಿಗೆ ರೊಟ್ಟಿ ಬಡಿದಿಟ್ಟು ಸಾಲಿಗೆ ಬರುವುದು ಇಲ್ಲಿ ಕಾಣದ ಸಂಗತಿಯಲ್ಲ.

ಹಾಸ್ಟೆಲು ಇಲ್ಲವೇ ಎಂದರೆ ಇವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಹೆಣ್ಣುಮಕ್ಕಳಿಗೆ ಕಸ್ತೂರ್ಬಾ. ಆದರೆ ಇವೆಲ್ಲ ಬಾಗಿಲು ತೆರೆಯುವುದು ಆರನೇ ಇಯತ್ತೆಗೆ. ಒಂದರಿಂದ ಐದರ ತನಕದ ಚಿಕ್ಕವರು, ಯಾರಿಗೆ ನಿಜವಾಗಿಯೂ ಆಸರೆ ಬೇಕೋ ಅವರು, ಕೆಲವೇ ಆಶ್ರಮ ಶಾಲೆಗಳನ್ನು ಬಿಟ್ಟರೆ ಬಾಗಿಲ ಹೊರಗೆ. ವಲಸೆಯ ನಾಲ್ಕು ತಿಂಗಳ ಮಟ್ಟಿಗೆ ಊರಲ್ಲೇ ಊಟ ವಸತಿ ಕೊಡುವ ಋತುಮಾನ ವಸತಿಗೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಅದಕ್ಕೆ ಮುಂಚಿತವಾಗಿ ಮಕ್ಕಳ ಲೆಕ್ಕ ಹಾಕಿ ಕೇಳಬೇಕು. ಫೆಬ್ರುವರಿಯಲ್ಲಿ ಬೆಂಚು ಖಾಲಿಯಾದ ಮೇಲೆ ಲೆಕ್ಕ ಹಾಕಿದರೆ ಆಗದು. ಸಾಲಿ ಬಿಟ್ಟ ಮಕ್ಕಳ ವಿಷಯವನ್ನು 2013ರಲ್ಲಿ ಕರ್ನಾಟಕ ಹೈಕೋರ್ಟು ತಾನಾಗಿಯೇ ಕೈಗೆತ್ತಿಕೊಂಡು ಸರಕಾರವನ್ನು ಪ್ರಶ್ನೆ ಮಾಡಿದ್ದು ಇಂಥ ಖಾಲಿ ಬೆಂಚುಗಳ ಬಗ್ಗೆಯೇ.

ಕೊರ್ಲಹಳ್ಳಿಯ ಬಾಗಿಲು

ಇದೆಲ್ಲಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಇದೇ ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲಿ, ತುಂಗಭದ್ರೆಯ ಬದಿಗೆ, ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವಿದೆ. ಹೆಚ್ಚಾಗಿ ಹಳ್ಳಿಯ ಜಾಣ ಮಕ್ಕಳಿಗೆಂದು ಮಾಡಿದ ಸಾಲಿ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲಾ ಬಿಟ್ಟಿ. ನೂರಕ್ಕೆ ಎಪ್ಪತ್ತೈದು ಜಾಗವಾದರೂ ಹಳ್ಳಿಯವರಿಗೆ ಮೀಸಲು. ಆರನೇ ಇಯತ್ತೆಗೆ ಪರೀಕ್ಷೆ ಬರೆದು ಸೇರಬೇಕು.

ಹಳ್ಳಿಯ ಮೀಸಲಾತಿ ಬೇಕಾದರೆ ಒಂದು ನಿಯಮವಿದೆ. ಮೂರು, ನಾಲ್ಕು, ಐದನೇ ಇಯತ್ತೆಗಳನ್ನು ಮಾನ್ಯತೆ ಪಡೆದ ಹಳ್ಳಿಯ ಸಾಲಿಯಲ್ಲಿ, ಒಂದೊಂದು ವರ್ಷವೂ ಪೂರ್ತಿಯಾಗಿ ಓದಿರಬೇಕು. ಐದನೆಯದನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ನಾಲ್ಕನೇ ಇಯತ್ತೆಯ ಜನವರಿಯಲ್ಲಿ ಅವ್ವ ಅಪ್ಪನ ಕೈ ಹಿಡಿದು ವಾಸ್ಕೋದ ರೈಲು ಹತ್ತಿದ ಹುಡುಗ ಆ ವರ್ಷವನ್ನು ಪೂರ್ತಿ ಓದಿದವನಲ್ಲ. ಜಾಣನಾಗಿರಲಿ, ಲೆಕ್ಕದಲ್ಲಿ ಹುಲಿಯಾಗಿರಲಿ, ಆ ಮೀಸಲು ಬಾಗಿಲು ಅವನಿಗೆ ಅರ್ಜಿ ಬರೆಯುವ ಮೊದಲೇ ಮುಚ್ಚಿರುತ್ತದೆ. ಯಾವ ಮನೆಗೆ ಈ ಸಾಲಿ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅದೇ ಮನೆಯ ಕೂಸನ್ನು ನಿಯಮ ಸದ್ದಿಲ್ಲದೆ ಬದಿಗೆ ಸರಿಸುತ್ತದೆ. ಈ ಮಾತು ಅಪ್ಪನಿಗೆ ತಿಳಿಯುವುದು ಎರಡು ವರ್ಷದ ಮೇಲೆ, ಅದೂ ತಿಳಿದರೆ.

ಆದ್ದರಿಂದ ಮೂರನೇ ಇಯತ್ತೆ ಮುಟ್ಟಿದ ಕೂಸಿದ್ದವರು ಈ ಮೂರು ವರ್ಷ ಹೇಗಾದರೂ ಮಾಡಿ ಒಬ್ಬರು ಊರಲ್ಲಿ ಉಳಿಯುವುದು, ಇಲ್ಲವೇ ಅತ್ತೆ, ಚಿಗವ್ವ ಯಾರಾದರೂ ಗಟ್ಟಿ ಕೈಗೆ ಒಪ್ಪಿಸಿ ಹೋಗುವುದು ಒಳಿತು. ಅದಕ್ಕಿಂತ ಚಿಕ್ಕವರನ್ನು ಒಯ್ಯಲೇಬೇಕಾದರೆ ಹೊರಡುವ ಮೊದಲು ಒಂದು ದಿನ ಸಾಲಿಗೆ ಹೋಗಿ ಟಿ.ಸಿ., ಅಂಕಪಟ್ಟಿ, ಮಗುವಿನ ಸ್ಯಾಟ್ಸ್ ನಂಬರು, ದೇಶಕ್ಕೆಲ್ಲ ನಡೆಯುವ ಪೆನ್ ನಂಬರು ಇಷ್ಟನ್ನು ಬರೆಸಿಕೊಂಡು, ಆಧಾರಿನ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕು. ಆರು ತುಂಬದ ಕೂಸಿಗೆ ಇಷ್ಟೂ ಬೇಡ, ಖೋಲಿಯ ಹತ್ತಿರದ ಅಂಗನವಾಡಿ ಕೇಳಿದರೆ ಸಾಕು; ಅದು ಎಲ್ಲಾ ರಾಜ್ಯದಲ್ಲಿಯೂ ಬಿಟ್ಟಿ.

ಕಾಗದ ಕೊಡುವಾಗ "ಜೂನಿಗೆ ಬರ್ತೀರಿ ಹೌದಲ್ರಿ?" ಎಂದು ಮಾಸ್ತರರು ಕೇಳುತ್ತಾರೆ. "ಮಳಿ ಆದ್ರ ಬರ್ತೀವ್ರಿ" ಎಂಬುದು ಬರುವ ಉತ್ತರ. ಮುಂಗಾರಿ ಬಿತ್ತಿಗೆಗೆ ಬಂದವರ ಕೂಸು ಸಾಲಿ ಸುರುವಾಗುವ ದಿನ ಮತ್ತೆ ಹಳೇ ಬೆಂಚಿಗೆ ಬರುತ್ತದೆ. ಮಳಿ ತಡವಾದ ವರ್ಷ ಬಸ್ಸಿನಿಂದ ಇಳಿಯುವ ಹೊತ್ತಿಗೆ ಆಗಸ್ಟು ಬಂದಿರುತ್ತದೆ, ಮೊದಲ ಪರೀಕ್ಷೆ ಮುಗಿದಿರುತ್ತದೆ.