ಮೆಣಸಿನಕಾಯಿಯ ಬೂಷ್ಟೂ ಬೀಗ ಬಿದ್ದ ಕಚೇರಿಯೂ

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಹೊಲಗಳಲ್ಲಿ ಬೆಳೆಯುವ ಶೇಂಗಾ ಮತ್ತು ಒಣಮೆಣಸಿನಕಾಯಿಗಳು ಕಡಲನ್ನು ದಾಟಬೇಕಾದರೆ ಅವುಗಳ ಜೊತೆಗೆ ಕಾಗದಗಳೂ ಪ್ರಯಾಣ ಮಾಡಬೇಕು. ಕಾಯಿ ಎಷ್ಟೇ ಕೆಂಪಾಗಿರಲಿ, ಕಾಗದವಿಲ್ಲದಿದ್ದರೆ ಅದು ಬಂದರಿನಲ್ಲಿಯೇ ಉಳಿದೀತು. ಇಷ್ಟೊಂದು ಕಟ್ಟುನಿಟ್ಟು ಏತಕ್ಕೆ?

೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ವಿಜ್ಞಾನಿಗಳು ಶೋಧಿಸುತ್ತ ಹೋದಾಗ, ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ವಿಷವಿದ್ದುದು ಕಂಡುಬಂದಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉತ್ಪಾದಿಸುವ ಈ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದು ಯಕೃತ್ತನ್ನು ಕೆಡಿಸುವುದು, ಕ್ಯಾನ್ಸರಿಗೂ ಕಾರಣವಾಗುವುದು. ಹುರಿದರೂ ಪೂರ್ತಿ ನಾಶವಾಗದು. ಸರಿಯಾಗಿ ಒಣಗದ ಮೆಣಸಿನಕಾಯಿಯಲ್ಲಿಯೂ ಇದೇ ಬೂಷ್ಟು ಬೆಳೆಯುತ್ತದೆ. ಅಮೆರಿಕದಲ್ಲಿ ಆಹಾರದ ಒಂದು ಕಿಲೋಗ್ರಾಮಿಗೆ ೨೦ ಮೈಕ್ರೊಗ್ರಾಂ ಇದರ ಮಿತಿ. ಎಂದರೆ ಒಂದು ಟನ್ನಿಗೆ ಕೇವಲ ೨೦ ಮಿಲಿಗ್ರಾಂ! ಬೂಷ್ಟು ಹಿಡಿದ ಕಾಯಿಗಳು ಚೀಲದಲ್ಲೆಲ್ಲ ಸಮವಾಗಿ ಹರಡಿರುವುದಿಲ್ಲ. ಆದ್ದರಿಂದ ಹಲವು ಕಡೆಯಿಂದ ಮಾದರಿ ತೆಗೆದು, ನುಣ್ಣಗೆ ಪುಡಿಮಾಡಿ, ಚೆನ್ನಾಗಿ ಬೆರೆಸಿ ಪರೀಕ್ಷಿಸಬೇಕಾಗುತ್ತದೆ. ೨೦೦೩ರಲ್ಲಿ ಯುರೋಪಿನಲ್ಲಿ ಮೆಣಸಿನಪುಡಿಯೊಳಗೆ ಸುಡಾನ್ ಎಂಬ ನಿಷಿದ್ಧ ಬಣ್ಣ ಸಿಕ್ಕ ಮೇಲೆ ನಮ್ಮ ಸಾಂಬಾರ ಮಂಡಳಿಯು ಆ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು. ಕೀಟ, ಸಸ್ಯರೋಗಗಳಿಲ್ಲವೆಂದು ಸಾರುವ ಸಸ್ಯ ಆರೋಗ್ಯ ಪ್ರಮಾಣಪತ್ರವು ಇವೆರಡಕ್ಕಿಂತ ಬೇರೆ.

ಹೀಗೆ ಕಾಗದ ನೋಡುವ ಕಚೇರಿಯೇ ಮುಚ್ಚಿದರೆ? ಅಮೆರಿಕದಲ್ಲಿ ಶಾಸನಸಭೆಯು ಹಣ ಮಂಜೂರು ಮಾಡದಿದ್ದರೆ ಸರಕಾರದ ಅನೇಕ ಕಚೇರಿಗಳು ಕೆಲಸ ನಿಲ್ಲಿಸುತ್ತವೆ. ೨೦೨೫ರ ಅಕ್ಟೋಬರ್ ೧ರಿಂದ ನವೆಂಬರ್ ೧೨ರವರೆಗೆ, ೪೩ ದಿನ, ಹಾಗೆಯೇ ಆಯಿತು. ನಮ್ಮಲ್ಲಿ ಸಂವಿಧಾನದ ೧೧೬ನೆಯ ವಿಧಿಯಂತೆ ಲೇಖಾನುದಾನ ಪಡೆದು ಆಡಳಿತ ನಡೆಯಿಸಬಹುದಾದುದರಿಂದ ಇಂಥ ಬೀಗಮುದ್ರೆ ನಮಗೆ ಅಪರಿಚಿತ.

ಆದರೆ ಬೀಗವು ಎಲ್ಲ ಬಾಗಿಲುಗಳಿಗೂ ಬೀಳುವುದಿಲ್ಲ. ಬಂದರಿನ ಸಸ್ಯ ತಪಾಸಣೆಯು ಬಹುಮಟ್ಟಿಗೆ ಶುಲ್ಕದ ಹಣದಿಂದ ನಡೆಯುವುದರಿಂದ ಅದು ಮುಂದುವರಿಯಿತು. ೨೦೧೮-೧೯ರ ೩೫ ದಿನಗಳ ಸ್ಥಗಿತದಲ್ಲಾದರೋ ಅಲ್ಲಿಯ ಆಹಾರ ಕಾರಖಾನೆಗಳ ವಾಡಿಕೆಯ ತಪಾಸಣೆಯೇ ನಿಂತಿತು. ಅಪಾಯ ಹೆಚ್ಚಿರುವ ಆಹಾರಗಳ ಮಟ್ಟಿಗೆ ತಪಾಸಣಾಧಿಕಾರಿಗಳನ್ನು ಸಂಬಳವಿಲ್ಲದೆ ಮರಳಿ ಕರೆಯಬೇಕಾಯಿತು. ೨೦೨೫ರ ಅಕ್ಟೋಬರ್ ೯ರಂದು ಬರಬೇಕಿದ್ದ ಜಾಗತಿಕ ಬೆಳೆಗಳ ಅಂದಾಜು ಬರಲೇ ಇಲ್ಲ. ಮುಂದಿನದು ಹೊರಬಿದ್ದುದು ನವೆಂಬರ್ ೧೪ಕ್ಕೆ. ಹತ್ತಿಯ ಧಾರಣೆಯನ್ನು ಲೆಕ್ಕಹಾಕುವವರಿಗೆ ಇದು ದಿಕ್ಸೂಚಿಯಿಲ್ಲದ ಪ್ರಯಾಣವೇ ಸರಿ.

ಕಾಗದವು ತಡವಾದರೆ ಕಾಗದವೇನೂ ಕೆಡುವುದಿಲ್ಲ, ಸರಕು ಕೆಡುತ್ತದೆ. ಪ್ರಮಾಣಪತ್ರವು ಮಾದರಿ ತೆಗೆದ ದಿನದ ಸ್ಥಿತಿಯನ್ನಷ್ಟೇ ಹೇಳಬಲ್ಲದು; ಆಮೇಲೆ ಕಡಲತೀರದ ಗೋದಾಮಿನ ತೇವವನ್ನು ಹೀರಿದ ಕಾಯಿಯ ಸಾಕ್ಷಿಯನ್ನು ಅದು ನುಡಿಯದು. ಕಾಯಿಯಲ್ಲಿ ನೀರಿನಂಶವು ನೂರಕ್ಕೆ ಹತ್ತು-ಹನ್ನೊಂದನ್ನು ಮೀರದಂತಿದ್ದರೆ ಬೂಷ್ಟಿಗೆ ಎಡೆ ಸಿಗುವುದು ಕಷ್ಟ. ಮುಂಡರಗಿಯ ರೈತನ ಬಳಿ ತೇವಮಾಪಕ ಇಲ್ಲದಿರಬಹುದು. ಅವನು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾನೆ; ಒಳಗಿನ ಬೀಜ ಗಲಗಲ ಎಂದರೆ ಚೀಲ ಹೊಲಿಯುತ್ತಾನೆ.