ವಾರ್ಡಿನ ಅಭ್ಯರ್ಥಿಯೂ ಮಳೆಯ ಲೆಕ್ಕವೂ

ಬೆಂಗಳೂರಿನ ದಕ್ಷಿಣಕ್ಕಿರುವ ಹೊಸಕೆರೆಹಳ್ಳಿಯ ಹೆಸರಿನಲ್ಲಿಯೇ ಕೆರೆಯುಂಟು. ಈ ಭಾಗದ ಮಳೆನೀರು ವೃಷಭಾವತಿಯನ್ನು ಕೂಡಿ, ಅಲ್ಲಿಂದ ಅರ್ಕಾವತಿಗೂ ಕಡೆಗೆ ಕಾವೇರಿಗೂ ಸೇರುವುದು. 2020ರ ಅಕ್ಟೋಬರ್ 23ರಂದು ಸುರಿದ ಬಿರುಮಳೆಗೆ ಇಲ್ಲಿಯ ರಾಜಕಾಲುವೆ ಉಕ್ಕಿ, ದತ್ತಾತ್ರೇಯ ನಗರದ ಮನೆಗಳೊಳಕ್ಕೆ ನೀರು ನುಗ್ಗಿತು. ಆ ದಿನ ನಗರಕ್ಕೆ ಚುನಾಯಿತ ಪಾಲಿಕೆಯೇ ಇರಲಿಲ್ಲ. 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ ಸೆಪ್ಟೆಂಬರ್ 10ಕ್ಕೆ ಮುಗಿದುಹೋಗಿತ್ತು. ನೆನೆದ ಅಕ್ಕಿಮೂಟೆಯನ್ನು ಮುಂದಿಟ್ಟು ಪ್ರಶ್ನಿಸೋಣವೆಂದರೆ ವಾರ್ಡಿನ ಸದಸ್ಯನೆಂಬುವನು ಯಾರೂ ಇಲ್ಲ!

ವಾಯುಗುಣದ ಬದಲಾವಣೆ ಎಂದೊಡನೆ ಧ್ರುವಪ್ರದೇಶದ ಹಿಮ, ಏರುತ್ತಿರುವ ಕಡಲು, ರಾಷ್ಟ್ರಗಳ ಸಮ್ಮೇಳನ ಮುಂತಾದುವು ನೆನಪಿಗೆ ಬರುವುದು ಸಹಜ. ಇಂಥ ಜಗದ್ವ್ಯಾಪಾರದಲ್ಲಿ ವಾರ್ಡಿಗೆ ನಿಂತ ಅಭ್ಯರ್ಥಿಗೇನು ಕೆಲಸವೆಂದು ವಾಚಕರು ಕೇಳಬಹುದು. ಭೌತಶಾಸ್ತ್ರದ ಒಂದು ನಿಯಮದಿಂದ ಹೊರಡೋಣ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರಲ್ಲಿ ಇರಬಲ್ಲ ನೀರಾವಿಯ ಪ್ರಮಾಣ ಶೇಕಡ 7ರಷ್ಟು ಹೆಚ್ಚುವುದು. ಆದುದರಿಂದ ವರ್ಷದ ಒಟ್ಟು ಮಳೆ ಇದ್ದಷ್ಟೇ ಇದ್ದರೂ, ಒಂದು ಗಂಟೆಯಲ್ಲಿ ಬೀಳುವ ಮಳೆ ಮೊದಲಿಗಿಂತ ಬಿರುಸಾಗಬಹುದು. ಮಳೆಯನ್ನು ಯಾವ ಸದಸ್ಯನೂ ತಡೆಯಲಾರನು. ಬಿದ್ದ ನೀರು ಎಲ್ಲಿಗೆ ಹೋಗಬೇಕೆಂಬುದಾದರೋ ನಗರಾಡಳಿತದ ವಿಷಯ.

ಒಂದು ಚದರ ಕಿಲೋಮೀಟರ್ ವಿಸ್ತಾರದ ಬಡಾವಣೆಯ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿತ್ತೆನ್ನಿ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಒಟ್ಟು 5 ಕೋಟಿ ಲೀಟರ್ ಆಯಿತು. ನೆಲ ತೆರೆದ ಮಣ್ಣಾಗಿದ್ದರೆ ಇದರ ಕಾಲುಭಾಗ ಮಾತ್ರ ಹರಿದೀತು. ಉಳಿದುದು ಇಂಗುವುದು, ಇಲ್ಲವೆ ತಗ್ಗುಗಳಲ್ಲಿ ನಿಲ್ಲುವುದು. ಕಾಂಕ್ರೀಟು ಡಾಂಬರುಗಳಿಂದ ಮುಚ್ಚಿದ ನೆಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹರಿಯುತ್ತದೆ. ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಘನಮೀಟರ್ ನೀರು ಕಾಲುವೆಗೆ ಬರಬೇಕು. ಮೂರು ಮೀಟರ್ ಅಗಲ, ಎರಡು ಮೀಟರ್ ಆಳದ ಕಾಲುವೆಯಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಿಂದ ಓಡಿದರೂ ಅದು ಸಾಗಿಸುವುದು 12 ಘನಮೀಟರ್. ತಳದಲ್ಲಿ ಅರ್ಧ ಮೀಟರ್ ಹೂಳು ತುಂಬಿದ್ದರೆ ಒಂಬತ್ತೇ. ಮಿಕ್ಕ ನೀರಿಗೆ ಬೀದಿಯೇ ಕಾಲುವೆ! ಮೇಲ್ಗಡೆ ಕೆರೆಯೊಂದು ಬರಿದಾಗಿ ಕಾದಿದ್ದರೆ ಅದು ಈ ಹೊರೆಯನ್ನು ಕೆಲವು ಗಂಟೆ ತಡೆದಿಟ್ಟು ಮೆಲ್ಲಗೆ ಬಿಟ್ಟುಕೊಡುತ್ತಿತ್ತು. ನಮ್ಮ ಹಿರಿಯರು ಸಾಲುಗೆರೆಗಳನ್ನು ಕಟ್ಟಿಸಿದುದು ಬೇಸಾಯಕ್ಕೆ. ಆದರೆ ಪ್ರವಾಹಕ್ಕೂ ಅವು ಕಡಿವಾಣವಾಗಿದ್ದುವು.

ಸಂವಿಧಾನದ 74ನೆಯ ತಿದ್ದುಪಡಿಯೊಡನೆ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಯೋಜನೆ, ರಸ್ತೆ, ಪರಿಸರ ರಕ್ಷಣೆ ಸೇರಿ ಪುರಸಭೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ನಗರದ ವಾಯುಗುಣ ಕ್ರಿಯಾಯೋಜನೆಯು 2023ರ ನವೆಂಬರಿನಲ್ಲಿ ಹೊರಬಂದಿತು. 2050ರೊಳಗೆ ಇಂಗಾಲದ ಲೆಕ್ಕವನ್ನು ಸರಿದೂಗಿಸುವುದು ಅದರ ಗುರಿ. 2025ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆ ಹೋಗಿ ಐದು ನಗರಪಾಲಿಕೆಗಳಾದುವು. ಇವುಗಳ ಸ್ಥಾನಗಳಿಗೆ ನಿಲ್ಲುವವರ ಮಾತನ್ನು ಅಳೆಯಲು ಶಾಲೆಯ ಗಣಿತವೇ ಸಾಕು.

ಸಾವಿರ ಸಸಿ ನೆಡುವೆನೆಂಬುದು ಬಹುಮಂದಿಯ ಆಶ್ವಾಸನೆ. ಬೆಳೆದ ಮರವೊಂದು ವರ್ಷಕ್ಕೆ ಸುಮಾರು 20 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡನ್ನು ಹೀರುವುದೆಂದಿಟ್ಟುಕೊಂಡರೆ ಸಾವಿರಕ್ಕೆ 20 ಟನ್. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸರಾಸರಿ ಎರಡು ಟನ್ ಬರುವುದರಿಂದ ಇದು ಹತ್ತು ಜನರ ಲೆಕ್ಕಕ್ಕೆ ಸಮ. ವಾರ್ಡಿನಲ್ಲಿ ಸಾವಿರಾರು ಜನರುಂಟು! ಹಾಗೆಂದು ಸಸಿ ಬೇಡವೆನ್ನುವುದಿಲ್ಲ. ನೆರಳಿಗಾಗಿ ಅವು ಬೇಕೇ ಬೇಕು. ಮಳೆಕೊಯ್ಲಿನ ಲೆಕ್ಕ ಇದಕ್ಕಿಂತ ಗಟ್ಟಿ. ನೂರು ಚದರ ಮೀಟರಿನ ತಾರಸಿ ಮೇಲಿನ ಮಳೆಯಲ್ಲಿ 5000 ಲೀಟರ್ ಸಿಕ್ಕುವುದು. ಅಂಥ ಸಾವಿರ ಮನೆಗಳು ಆ ನೀರನ್ನು ಹಿಡಿದಿಟ್ಟರೆ ಕಾಲುವೆಯ ಹೊರೆಯಲ್ಲಿ ಒಂಬತ್ತನೆಯ ಒಂದು ಪಾಲು ಇಳಿಯಿತು.

ಮತ ಕೇಳಲು ಬಂದವರನ್ನು, ನಮ್ಮ ಬೀದಿಯ ರಾಜಕಾಲುವೆಯ ಅಗಲವೆಷ್ಟು, ಹೂಳೆಷ್ಟು, ಅದನ್ನು ಯಾವ ತಿಂಗಳಲ್ಲಿ ತೆಗೆಸುವಿರಿ ಎಂದು ಕೇಳಬೇಕು. ಕಡೆಯ ಪ್ರಶ್ನೆ ಹಗುರವಾದುದಲ್ಲ. ಬೆಂಗಳೂರಿಗೆ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ತೆಗೆದ ಹೂಳು ಅಷ್ಟರೊಳಗೆ ಮತ್ತೆ ಕೂಡಿರುವುದುಂಟು.