ಡಿಸ್ಕಿನ ಪಾಲುಪಟ್ಟಿ

ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ನಡುವೆ ಗೋಡೆ ಏಳುತ್ತದೆ. ಅಟ್ಟದ ಮೇಲಿನ ಪಾತ್ರೆಪರಡಿಗಳು ಕೂಡ ಲೆಕ್ಕ ಹಾಕಿ ಹಂಚಿಕೆಯಾಗುತ್ತವೆ. ಹಿತ್ತಲಿನ ಬಾವಿ ಮಾತ್ರ ಒಂದೇ. ಬಾವಿಯಿರುವ ಪಾಲಿನವನು ಬಾಗಿಲಿಕ್ಕಿಕೊಂಡ ದಿನ ಇನ್ನೊಬ್ಬನ ಮನೆಯಲ್ಲಿ ಎಸರಿಗೂ ನೀರಿಲ್ಲ. ನಮ್ಮ ಮನೆಗಳ ಕಂಪ್ಯೂಟರಿನಲ್ಲಿ ಒಂದೇ ಡಿಸ್ಕನ್ನು ‘ಸಿ’ ಎಂದೂ ‘ಡಿ’ ಎಂದೂ ಪಾಲು ಮಾಡಿರುವ ಏರ್ಪಾಡು ಇದಕ್ಕಿಂತ ಬಹಳ ಬೇರೆಯೇನಲ್ಲ.

ವಿಂಡೋಸ್ ವ್ಯವಸ್ಥೆ ‘ಸಿ’ಯಲ್ಲಿರಲಿ, ಉಳಿದ ಪ್ರೋಗ್ರಾಮುಗಳೆಲ್ಲ ‘ಡಿ’ಯಲ್ಲಿರಲಿ, ವ್ಯವಸ್ಥೆ ಕೆಟ್ಟರೆ ‘ಸಿ’ಯನ್ನಷ್ಟೇ ಅಳಿಸಿ ಹೊಸದಾಗಿ ಹಾಕಿಕೊಂಡರಾಯಿತು, ಪ್ರೋಗ್ರಾಮುಗಳ ಕೂದಲೂ ಕೊಂಕದು ಎಂದು ನಂಬಿದವರು ಅನೇಕರು. ನಾನೂ ನಂಬಿದ್ದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತಷ್ಟೆ. ಅದಾದ ಮೇಲೆ ಒಂದು ಭಾನುವಾರ ನನ್ನ ಯಂತ್ರದ ‘ಸಿ’ಯನ್ನು ಅಳಿಸಿ ವಿಂಡೋಸ್ 11 ಹಾಕಿಸಿಕೊಂಡೆ. ‘ಡಿ’ಯನ್ನು ಯಾರೂ ಮುಟ್ಟಲಿಲ್ಲ. ಸಂಜೆ ಕುಳಿತು ನೋಡಿದರೆ ಅಲ್ಲಿಯ ಪ್ರೋಗ್ರಾಮುಗಳಲ್ಲಿ ಒಂದು, ತನಗೆ ಬೇಕಾದ ಕಡತ ಕಾಣದೆಂದಿತು. ಇನ್ನೊಂದು, ತನ್ನನ್ನು ಮತ್ತೆ ಸ್ಥಾಪಿಸಬೇಕೆಂದಿತು. ಮೂರನೆಯದು ಬಾಯಿಯನ್ನೇ ಬಿಡಲಿಲ್ಲ. ತೀರ್ಥರೂಪರು ಬದುಕಿದ್ದಾಗ ಹೇಳಿ ಬರೆಯಿಸಿದ ಬಾಲ್ಯದ ನೆನಪುಗಳು ನೂರನಾಲ್ವತ್ತು ಪುಟ ಇದ್ದುವು. ಕಡತವೇನೋ ತೆರೆಯಿತು, ಕನ್ನಡದ ಒಂದಕ್ಷರವಿರಲಿಲ್ಲ. ಪುಟದ ತುಂಬ ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ರೋಮನ್ ಲಿಪಿ.

“ಅವರು ಬರೆಸಿದ್ದೆಲ್ಲ ಹೋಯಿತೇನಪ್ಪಾ?” ಎಂದು ತಾಯಿ ಬಾಗಿಲಲ್ಲಿ ನಿಂತು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಪಾಲುಗಾರಿಕೆಗೆ ಹಳೆಯ ಕಾರಣವಿದೆ. ‘ಎ’, ‘ಬಿ’ ಎಂಬ ಹೆಸರುಗಳು ಫ್ಲಾಪಿಗಳಿಗೆ ಮೀಸಲಾಗಿದ್ದುದರಿಂದ ಹಾರ್ಡ್ ಡಿಸ್ಕು ‘ಸಿ’ ಆಯಿತು. 1987ರಲ್ಲಿ ಬಂದ ಎಂ.ಎಸ್.ಡಾಸ್ 3.3ರಲ್ಲಿ ಒಂದು ಪಾಲು 32 ಮೆಗಾಬೈಟನ್ನು ಮೀರುವಂತಿರಲಿಲ್ಲ. ಡಿಸ್ಕು ಅದಕ್ಕಿಂತ ದೊಡ್ಡದಾದರೆ ಹಂಚಲೇಬೇಕಾಗಿತ್ತು. ಆದರೆ ಆ ಕಾಲದಲ್ಲಿ ಪ್ರೋಗ್ರಾಮೆಂದರೆ ಬಹುಮಟ್ಟಿಗೆ ಒಂದು ಗಂಟು. ಆ ಗಂಟನ್ನು ಎಲ್ಲಿಗೆ ಒಯ್ದು ಬಿಚ್ಚಿದರೂ ಅಲ್ಲಿಯೇ ಕೆಲಸ ಮಾಡುತ್ತಿತ್ತು. 1992ರ ವಿಂಡೋಸ್ 3.1ರಲ್ಲಿ ‘ರಿಜಿಸ್ಟ್ರಿ’ ಎಂಬುದು ಚಿಕ್ಕದಾಗಿ ಕಾಣಿಸಿಕೊಂಡಿತು. 1995ರ ವಿಂಡೋಸ್ 95ರಿಂದ ಅದೇ ಯಜಮಾನನಾಯಿತು.

ರಿಜಿಸ್ಟ್ರಿಯನ್ನು ಸಬ್‌ರಿಜಿಸ್ಟ್ರಾರರ ಕಚೇರಿಯ ಪುಸ್ತಕವೆಂದೇ ತಿಳಿಯಬಹುದು. ಯಾವ ಪ್ರೋಗ್ರಾಮು ಎಲ್ಲಿದೆ, ಯಾವ ಬಗೆಯ ಕಡತವನ್ನು ಯಾವುದು ತೆರೆಯಬೇಕು, ಯಾವುದಕ್ಕೆ ಲೈಸೆನ್ಸು ಇದೆ ಎಂಬಿವೆಲ್ಲ ಅಲ್ಲಿ ದಾಖಲಾಗಬಹುದು. ಪುಸ್ತಕವಿರುವುದು ‘ಸಿ’ಯಲ್ಲಿ. ‘ಡಿ’ಯಲ್ಲಿ ಸ್ಥಾಪಿಸೆಂದು ನಾವು ಹೇಳಿದರೂ ಸ್ಥಾಪಕ ತಂತ್ರಾಂಶವು ಮೈಯನ್ನು ಅಲ್ಲಿಟ್ಟು ಬೇರನ್ನು ‘ಸಿ’ಗೆ ಇಳಿಸುತ್ತದೆ: ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಡಿ.ಎಲ್.ಎಲ್. ಕಡತಗಳು, ‘ಆ್ಯಪ್‌ಡೇಟಾ’ದಲ್ಲಿ ನಮ್ಮ ಇಷ್ಟಾನಿಷ್ಟಗಳು, ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ ಅಕ್ಷರರೂಪಗಳು. ‘ಸಿ’ಯನ್ನು ಅಳಿಸಿದೊಡನೆ ಕಚೇರಿಯೇ ಸುಟ್ಟಂತೆ. ‘ಡಿ’ಯಲ್ಲಿ ಮನೆ ನಿಂತಿದೆ, ಆದರೆ ಅದು ಯಾರದೆಂಬುದಕ್ಕೆ ದಾಖಲೆಯಿಲ್ಲ. ಅದನ್ನು ಕ್ರಮವಾಗಿ ತೆಗೆದುಹಾಕೋಣವೆಂದರೂ ತೆಗೆಯಬಹುದಾದ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಹೆಸರಿರುವುದಿಲ್ಲ.

ಇನ್ನೊಂದು ವಿನೋದ. ‘ಡಿ’ಯಲ್ಲಿ ಬೇಕಾದಷ್ಟು ಜಾಗ ಬಿದ್ದಿರುತ್ತದೆ; ಆದರೂ ಸ್ಥಾಪನೆಯ ನಡುವೆ “ಸ್ಥಳ ಸಾಲದು” ಎಂಬ ಆಕ್ಷೇಪ. ಸ್ಥಾಪಕವು ಸಾಮಾನ್ಯವಾಗಿ ತನ್ನ ಮೂಟೆಯನ್ನು ಮೊದಲು ಬಿಚ್ಚುವುದು ‘ಸಿ’ಯ ತಾತ್ಕಾಲಿಕ ಫೋಲ್ಡರಿನಲ್ಲಿ. ‘ಸಿ’ಯನ್ನು ಇಕ್ಕಟ್ಟಾಗಿ ಕತ್ತರಿಸಿದವರಿಗೆ ಈ ಕಾಟ ತಪ್ಪಿದ್ದಲ್ಲ. ವಿಂಡೋಸ್ 11 ಕೇಳುವ ಕನಿಷ್ಠ ಸಂಗ್ರಹವೇ 64 ಗಿಗಾಬೈಟ್. ಮುಂದಿನ ಪರಿಷ್ಕರಣಗಳಿಗೂ ಪ್ರೋಗ್ರಾಮುಗಳ ಬೇರುಗಳಿಗೂ ಅದರ ಮೇಲೆ ಜಾಗ ಬೇಕು. ಎಲ್ಲಿಡಬೇಕೆಂದು ಕೇಳದೆಯೇ ‘ಸಿ’ಯಲ್ಲಿ ಕುಳಿತುಬಿಡುವ ತಂತ್ರಾಂಶಗಳೂ ಇವೆ, ಅವುಗಳೊಡನೆ ವಾದ ವ್ಯರ್ಥ.

ಹಾಗಾದರೆ ‘ಡಿ’ ಬೇಡವೇ? ಬೇಕು, ಪ್ರೋಗ್ರಾಮುಗಳಿಗಿಂತ ನಮ್ಮ ಬರಹ, ಭಾವಚಿತ್ರಗಳಿಗೆ ಅದು ತಕ್ಕ ಸ್ಥಳ. ಪ್ರೋಗ್ರಾಮುಗಳು ವ್ಯವಸ್ಥೆಯ ಜೊತೆಗೇ ಇರಲೆಂಬುದು ನನ್ನ ಮತ. ದೊಡ್ಡ ಆಟಗಳನ್ನಿಟ್ಟುಕೊಂಡ ಹುಡುಗರು ಒಪ್ಪಲಾರರು. ಅವರಿಗೆ ಜಾಗದ ಚಿಂತೆ. ಈಗಾಗಲೇ ‘ಡಿ’ಯಲ್ಲಿ ಅನಾಥವಾಗಿರುವುವನ್ನು ಅದೇ ಫೋಲ್ಡರಿಗೆ ಮತ್ತೊಮ್ಮೆ ಸ್ಥಾಪಿಸಿದರೆ ಅನೇಕವು ಬದುಕುತ್ತವೆ. ಆದುದರಿಂದ ‘ಸಿ’ಯನ್ನು ಅಳಿಸುವ ಮೊದಲೇ ಸ್ಥಾಪಕ ಕಡತಗಳನ್ನೂ ಲೈಸೆನ್ಸಿನ ಸಂಖ್ಯೆಗಳನ್ನೂ ತೆಗೆದಿರಿಸಬೇಕು. ಒಂದು ಮಾತು: ‘ಸಿ’, ‘ಡಿ’ ಎರಡೂ ಒಂದೇ ಡಿಸ್ಕಿನ ಮೇಲಿನ ಗೆರೆಗಳು. ಡಿಸ್ಕು ಸತ್ತರೆ ಎರಡೂ ಸಾಯುತ್ತವೆ.

ತೀರ್ಥರೂಪರ ನೆನಪುಗಳು ಹೋಗಿರಲಿಲ್ಲ. ಹಳೆಯ ಅಕ್ಷರರೂಪವನ್ನು ಹುಡುಕಿ ಮರಳಿ ಸ್ಥಾಪಿಸುವಾಗ ರಾತ್ರಿ ಹನ್ನೊಂದು ದಾಟಿತ್ತು. ಮೊದಲನೆಯ ಪುಟದಲ್ಲಿ ಅವರ ಊರಿನ ಹೆಸರು ಕನ್ನಡದಲ್ಲಿ ಮೂಡಿದಾಗ ತಾಯಿ ಇನ್ನೂ ಮಲಗಿರಲಿಲ್ಲ. ಅದನ್ನೀಗ ಯುನಿಕೋಡಿಗೆ ಪರಿವರ್ತಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂಗಿಯ ಮನೆಗೆ ಕಳುಹಿಸಿದ್ದೇನೆ. ಪರಿವರ್ತನೆಯಲ್ಲಿ ಕೆಲವು ಒತ್ತಕ್ಷರಗಳು ಕೆಟ್ಟಿವೆ. ದಿನಕ್ಕೆ ಐದೈದು ಪುಟದಂತೆ ತಿದ್ದುತ್ತಿದ್ದೇವೆ.